ನಾಲ್ಕು ಬೆರಳು ಕೊಸರು

ಅವತ್ತು ಮಧ್ಯಾಹ್ನ ತರೀಕೆರೆಯ ಆ ತಗಡಿನ ಶೆಡ್ಡಿನಲ್ಲಿ ನಾವು ಐದು ಜನ ಇದ್ದೆವು. ಶೆಡ್ಡಿನ ಯಜಮಾನರಾದ ಮೇಸ್ತ್ರಿ ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಕೂತಿದ್ದರು. ಲಾರಿಗೆ ಬಾಡಿ ಕಟ್ಟುತ್ತ ಎಪ್ಪತ್ತು ದಾಟಿದವರು. ಪೆನ್ಸಿಲ್ಲು ಕಿವಿಯ ಹಿಂದಿನಿಂದ ಇಳಿದದ್ದನ್ನು ನಾನು ಕಂಡಿಲ್ಲ. ಅವರ ಎದುರಿಗೆ, ಕಡೂರಿನಿಂದ ನನ್ನ ಜೊತೆ ಬಸ್ಸಿನಲ್ಲಿ ಬಂದ ನನ್ನ ಅಕ್ಕ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬೀಗರ ಮನೆಯಲ್ಲಿ ಕೂತಂತೆ ಬಿಗಿಯಾಗಿ ಕೂತಿದ್ದಳು. ಐದಡಿಗೂ ಎರಡಂಗುಲ ಕಡಿಮೆ ಅವಳು. ಅವಳ ಪಕ್ಕದಲ್ಲಿ ಅಜ್ಜಂಪುರದ ಲಾರಿ ಡ್ರೈವರ್. ಬೆಳಗ್ಗೆ ಈರುಳ್ಳಿ ಲೋಡು ಇಳಿಸಿ ನೇರ ಇಲ್ಲಿಗೇ ಬಂದಿದ್ದ. ಎದ್ದು ನಿಂತರೆ ಎಮ್ಮೆದೊಡ್ಡಿಯ ಹುಲ್ಲುಗಾವಲಿನ ಹೋರಿ ಎದ್ದಂತೆ ಶೆಡ್ಡು ಒಂದಿಷ್ಟು ಕತ್ತಲಾಗುತ್ತಿತ್ತು. ನಾಲ್ಕನೆಯವಳು ನಮ್ಮ ಕಚೇರಿಯ ಕಿರಿಯ ಎಂಜಿನಿಯರ್, ಕೈಯಲ್ಲಿ ಸ್ಟಾಪ್‌ವಾಚು. ಐದನೆಯವಳು ನಾನು.

ನಮ್ಮೆಲ್ಲರ ನಡುವೆ ಪ್ಲೈವುಡ್ಡಿನ ಮೂರು ಗೂಡುಗಳು, ದೊಡ್ಡ ಬೀರುವನ್ನು ಬೆನ್ನ ಮೇಲೆ ಮಲಗಿಸಿದ ಹಾಗೆ, ನೆಲದ ಮೇಲೆ ಸಾಲಾಗಿ ಬಿದ್ದಿದ್ದವು. ಅಂತರಿಕ್ಷಕ್ಕೆ ಹೋಗುವ ಮೂವರು ಮಲಗಬೇಕಾದ ಗೂಡುಗಳ ಮಾದರಿ ಅದು. ಒಂದೊಂದಕ್ಕೂ ಒಂದೊಂದು ಬಾಗಿಲು. ಬೀರು ಮಲಗಿರುವುದರಿಂದ ಬಾಗಿಲು ಟ್ರಂಕಿನ ಮುಚ್ಚಳದ ಹಾಗೆ ಮೇಲಕ್ಕೆ ತೆರೆಯುತ್ತಿತ್ತು.

ನಾನು ಕಲಿತದ್ದು ಮನೆ ಕಟ್ಟುವ ವಿದ್ಯೆ. ಮೊದಲ ಕೆಲವು ವರ್ಷ ಹಾಸ್ಟೆಲ್ ಕಟ್ಟಡಗಳ ನಕ್ಷೆ ಬರೆದೆ. ಆಮೇಲೆ ರೈಲಿನ ಮಲಗುವ ಬೋಗಿಗಳ ಒಳಗನ್ನು ವಿನ್ಯಾಸ ಮಾಡುವ ಒಂದು ಸಣ್ಣ ಕಚೇರಿ ಸೇರಿದೆ. ಆ ಕಚೇರಿಗೆ ಒಂದು ದಿನ ಮನುಷ್ಯರನ್ನು ಕರೆದೊಯ್ಯುವ ನೌಕೆಯ ಒಳಗಿನ ಕೆಲಸ ಬಂತು. ಇಕ್ಕಟ್ಟಿನಲ್ಲಿ ಜನರನ್ನು ಮಲಗಿಸುವುದು ನಮಗೆ ಗೊತ್ತಿದೆ ಎಂದು ಯಾರೋ ನಂಬಿದ್ದರು. ಅಲ್ಲಿಂದ ಹನ್ನೊಂದು ವರ್ಷವಾಯಿತು. ನೆಂಟರು ಈಗಲೂ ಕೇಳುತ್ತಾರೆ.

"ರಾಕೆಟ್ ಮಾಡ್ತೀಯಂತಲ್ಲೇ?"

"ಇಲ್ಲ ಮಾವ. ಒಳಗೆ ಎಲ್ಲಿ ಕೂರ್ಬೇಕು, ಎಲ್ಲಿ ಮಲಗ್ಬೇಕು, ಕೈ ಎಲ್ಲಿ ಹಿಡ್ಕೋಬೇಕು ಅಂತ ಬರೀತೀನಿ."

"ಅದಕ್ಕೂ ಒಬ್ರು ಬೇಕಾ?"

ಬೇಕೋ ಬೇಡವೋ ನನಗೂ ಎಷ್ಟೋ ದಿನ ಅನುಮಾನ ಬಂದಿದೆ. ಈ ಕೆಲಸದಲ್ಲಿ ಬರೆಯುವುದಕ್ಕಿಂತ ಅಳಿಸುವುದೇ ಹೆಚ್ಚು. ನಾಲ್ಕಾರು ತಿಂಗಳಿಗೊಮ್ಮೆ ಪರಿಶೀಲನಾ ಸಮಿತಿ ಕೂರುತ್ತದೆ. ಉದ್ದನೆಯ ಮೇಜು, ಹತ್ತು ಹನ್ನೆರಡು ಜನ, ತಣ್ಣಗಾದ ಕಾಫಿ. ಅವರು ಒಳ್ಳೆಯವರೇ. ಆದರೆ ನೌಕೆಯ ತೂಕವನ್ನು ಗ್ರಾಂ ಗ್ರಾಂ ಲೆಕ್ಕದಲ್ಲಿ ಇಳಿಸುವುದು ಅವರ ಕೆಲಸ, ಆ ಗ್ರಾಂ ಯಾವಾಗಲೂ ನನ್ನ ಕಡೆಯಿಂದಲೇ ಹೋಗಬೇಕು. ನಾನು ಬರೆದ ಕಿಟಕಿ ಮೊದಲು ಊಟದ ತಟ್ಟೆಯಷ್ಟಿತ್ತು. ಎರಡು ಸಭೆಗಳಲ್ಲಿ ಸಾಸರಿನಷ್ಟಾಯಿತು. ಮೂವರು ಎದುರುಬದುರಾಗಿ ಊಟ ಮಾಡಲಿ ಎಂದು ಒಂದು ಮೇಜು ಹಾಕಿದ್ದೆ. ಅದು ಮಡಚುವ ಮೇಜಾಯಿತು, ಆಮೇಲೆ ಹಲಗೆಯಾಯಿತು, ಆಮೇಲೆ ಗೋಡೆಗೆ ಅಂಟಿಸುವ ಪಟ್ಟಿಯಾಯಿತು. ಕೊನೆಗೆ ಉಳಿದದ್ದು ಈ ಮೂರು ಬಾಗಿಲು. ಸಮಿತಿಯವರಿಗೆ ಅದೂ ಬೇಡವಾಗಿತ್ತು. ಗೋಡೆಗೆ ಮೂರು ಮಲಗುವ ಚೀಲ ಕಟ್ಟಿದರೆ ಸಾಕು, ಗೂಡು ಯಾಕೆ, ಬಾಗಿಲು ಯಾಕೆ ಎಂದು ಕೇಳುತ್ತಿದ್ದರು.

ನಾನು ಪಟ್ಟು ಹಿಡಿದೆ. ಹಿಡಿದದ್ದಕ್ಕೆ ಒಂದು ಷರತ್ತು ಬಂತು. ನೌಕೆಯ ಗೋಡೆಗೂ ನಡುವಿನ ಓಡಾಡುವ ದಾರಿಗೂ ಮಧ್ಯೆ ಇರುವಷ್ಟು ಜಾಗದಲ್ಲೇ ಗೂಡು ಕೂರಬೇಕು. ಅತಿ ದೊಡ್ಡ ಗಂಡಸೂ ಅತಿ ಸಣ್ಣ ಹೆಂಗಸೂ ಯಾರ ಸಹಾಯವಿಲ್ಲದೆ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಬೇಕು, ಅಪಾಯದ ಗಂಟೆ ಹೊಡೆದರೆ ಕೂಡಲೇ ತೆಗೆದು ಹೊರಬರಬೇಕು. ಇದನ್ನು ನಿಜ ಅಳತೆಯ ಮಾದರಿಯಲ್ಲಿ ತೋರಿಸಿದರೆ ಬಾಗಿಲು ಉಳಿಯುತ್ತದೆ. ಇಲ್ಲದಿದ್ದರೆ ಚೀಲ. ಚೀಲವೇ ಆದರೆ ಕೆಲಸ ಬಿಡುತ್ತೇನೆ ಎಂದು ಅಕ್ಕನಿಗೆ ಹೇಳಿದ್ದೆ.

"ಬಿಡು. ಬಿಟ್ಟು ಏನ್ಮಾಡ್ತೀಯ? ನನ್ ಜೊತೆ ಹಪ್ಪಳ ಒತ್ತು. ಅದಕ್ಕೂ ಅಳತೆ ಬೇಕು ಕಣೇ," ಅಂದಿದ್ದಳು.

ಬಾಗಿಲಿನ ಹಟ ನನಗೆ ಬಂದದ್ದು ಇದೇ ಅಕ್ಕನಿಂದ, ಅವಳಿಗೆ ಅದು ಗೊತ್ತಿಲ್ಲ. ಕಡೂರಿನ ನಮ್ಮ ಮನೆಯಲ್ಲಿ ಹದಿನಾಲ್ಕು ಜನ ಇದ್ದೆವು. ಮುಂದೆ ಅಪ್ಪನ ಕೊಬ್ಬರಿ ಅಂಗಡಿ, ಹಿಂದೆ ನಡುಮನೆ, ಅಡುಗೆಮನೆ. ಒಳಗಿನಿಂದ ಚಿಲಕ ಹಾಕಲು ಬರುತ್ತಿದ್ದದ್ದು ಚೀಲಗಳನ್ನು ಇಡುವ ಕೋಣೆಗೆ ಮಾತ್ರ. ಅಕ್ಕನಿಗೆ ಶಾಲೆಯ ಮೇಡಂ ಆಗುವ ತರಬೇತಿಗೆ ಸೀಟು ಸಿಕ್ಕಿತ್ತು. ದೂರದ ಊರು, ಬೇಡ ಎಂದು ಹಿರಿಯರು ತೀರ್ಮಾನ ಮಾಡಿದ ದಿನ ಅವಳು ಆ ಕೋಣೆಗೆ ಹೋಗಿ ಚಿಲಕ ಹಾಕಿಕೊಂಡಳು. ಅಮ್ಮ ಬಾಗಿಲು ತಟ್ಟಲು ಹೋದಾಗ ಅಜ್ಜಿ ಕೈ ಹಿಡಿದು ನಿಲ್ಲಿಸಿದರು. "ತಟ್ಬೇಡ. ಅವ್ಳೇ ಬತ್ತಾಳೆ." ಒಂದೂವರೆ ಗಂಟೆಯ ಮೇಲೆ ಅಕ್ಕ ಬಂದಳು, ಯಾರ ಮುಖವನ್ನೂ ನೋಡದೆ ಒಲೆ ಹಚ್ಚಿದಳು. ನನಗೆ ಆಗ ಹನ್ನೆರಡು. ಅಕ್ಕ ಆಮೇಲೆ ಮೇಡಂ ಆಗಲಿಲ್ಲ, ಅದು ಬೇರೆ ಮಾತು. ಆದರೆ ಆ ಚಿಲಕ ಇಲ್ಲದಿದ್ದರೆ ಆ ದಿನ ಅವಳು ಎಲ್ಲಿಗೆ ಹೋಗುತ್ತಿದ್ದಳು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಮೇಲಕ್ಕೆ ಹೋದವರಿಗೂ ಮನೆಯಿಂದ ಕೆಟ್ಟ ಸುದ್ದಿ ಬರಬಹುದು, ಜೊತೆಯವರ ಮೇಲೆ ಸಿಟ್ಟು ಬರಬಹುದು. ಹೊರಗೆ ಹೋಗಿ ಜಗಲಿಯ ಮೇಲೆ ಕೂರುವ ಹಾಗಿಲ್ಲ. ಇದನ್ನೆಲ್ಲ ಸಮಿತಿಯಲ್ಲಿ ಹೇಳಲಾಗುವುದಿಲ್ಲ. ವರದಿಯಲ್ಲಿ 'ಸಿಬ್ಬಂದಿಯ ಮಾನಸಿಕ ಸ್ವಾಸ್ಥ್ಯ' ಎಂದು ಎರಡು ಸಾಲು ಬರೆಯುತ್ತೇನೆ.

ಮಾದರಿಯನ್ನು ತರೀಕೆರೆಯಲ್ಲಿ ಕಟ್ಟಿಸಿದ್ದಕ್ಕೆ ಕಾರಣ ಸರಳ. ಬೆಂಗಳೂರಿನಲ್ಲಿ ಕೇಳಿದವರೆಲ್ಲ ತಿಂಗಳುಗಟ್ಟಲೆ ಕಾಯಿರಿ ಎಂದರು, ನಮಗಿದ್ದದ್ದು ಮೂರು ವಾರ. ಅಪ್ಪನ ಕಾಲದ ಲಾರಿಗೆ ಈ ಮೇಸ್ತ್ರಿ ಕಟ್ಟಿದ ಕ್ಯಾಬಿನ್ನಿನಲ್ಲಿ ಕೂತು ನಾನು ಹುಡುಗಿಯಾಗಿ ತಿರುಗಿದ್ದೆ. ಆ ಮರಗೆಲಸದ ನುಣುಪು ಕೈಗೆ ನೆನಪಿತ್ತು. ಹೋಗಿ ಕೇಳಿದೆ. ಈಗ ಲಾರಿಗಳು ಕ್ಯಾಬಿನ್ ಸಮೇತ ಕಂಪನಿಯಿಂದಲೇ ಬರುವುದರಿಂದ ಅವರಿಗೂ ಕೆಲಸ ಕಮ್ಮಿ. ಟ್ರೈಲರ್ ರಿಪೇರಿ, ಕಬ್ಬಿನಹಾಲಿನ ಗಾಡಿ, ಇಂಥವು. ನನ್ನ ನಕ್ಷೆಗಳನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಇದ್ರಲ್ಲಿ ಮಲಗೋನು ಎಷ್ಟು ದಿನ ಮಲಗ್ತಾನಮ್ಮಾ?"

"ವಾರಗಟ್ಟಲೆ ಮೇಸ್ತ್ರಿಗಳೇ."

"ನಡುವೆ ಇಳಿದು ಟೀ ಕುಡಿಯೋದು?"

"ಇಲ್ಲ."

"ಅಲ್ಲಾ," ಎಂದು ತಲೆ ಅಲ್ಲಾಡಿಸಿದರು. "ನಮ್ಮ ಡ್ರೈವರುಗಳೇ ಪುಣ್ಯವಂತರು."

ಹದಿನೈದು ದಿನದಲ್ಲಿ ಗೂಡು ತಯಾರಾಯಿತು. ನಾನು ಬೆಂಗಳೂರಿನಿಂದ ರೈಲಿನಲ್ಲಿ ಬಂದು, ಕಡೂರಿನಲ್ಲಿ ಅಕ್ಕನ ಮನೆಯಲ್ಲಿ ಸ್ನಾನ ಮಾಡಿ, ಬೆಳಗಿನ ಬಸ್ಸಿಗೆ ತರೀಕೆರೆಗೆ ಹೋದೆ. ಹಿಂದಿನ ಎರಡು ವಾರ ಸರಿಯಾಗಿ ನಿದ್ದೆಯಿರಲಿಲ್ಲ. ಅಳತೆಪಟ್ಟಿ ತೆಗೆದು ಮೂರು ಬಾಗಿಲುಗಳ ಚೌಕಟ್ಟು ಅಳೆದೆ. ಉದ್ದ, ಅಗಲ, ಒಂದು ನೂಲಿನಷ್ಟೂ ಆಚೀಚೆಯಿಲ್ಲ. ಮುಂದಿನದನ್ನು ಅಳೆಯಲು ಬಗ್ಗುವಷ್ಟರಲ್ಲಿ ಚಹಾ ಬಂತು. ಇಷ್ಟು ಕರಾರುವಾಕ್ಕಾಗಿ ಬಾಗಿಲು ಕಟ್ಟಿದವರು ಉಳಿದದ್ದನ್ನು ತಪ್ಪುತ್ತಾರೆಯೇ ಎಂದುಕೊಂಡೆ. 'ಅಳತೆ ಪರಿಶೀಲಿಸಿದೆ' ಎಂಬ ಕಾಗದಕ್ಕೆ ಸಹಿ ಹಾಕಿ ಎಂಜಿನಿಯರ್ ಹುಡುಗಿಗೆ ಕೊಟ್ಟೆ.

ಪರೀಕ್ಷೆಗೆ ಮೂರು ಗಾತ್ರದ ದೇಹಗಳು ಬೇಕಿತ್ತು. ದೊಡ್ಡದಕ್ಕೆ ಮೇಸ್ತ್ರಿಯೇ ತಮ್ಮ ಹಳೆಯ ಗಿರಾಕಿಯಾದ ಡ್ರೈವರನ್ನು ಕರೆಸಿದರು. ಸಣ್ಣದಕ್ಕೆ ಅಕ್ಕ. ನಡುವಿನದಕ್ಕೆ ಎಂಜಿನಿಯರ್ ಹುಡುಗಿಯೇ ಸಾಕಾದಳು. ತೂಕವಿಲ್ಲದ ಕಡೆ ಮನುಷ್ಯನ ದೇಹ ಚಾಚಿಕೊಂಡು ಇರುವುದಿಲ್ಲ, ಮೊಣಕಾಲು ತಾನಾಗಿಯೇ ಮಡಿಚಿ ಮುಂದಕ್ಕೆ ಬರುತ್ತದೆ. ಅದಕ್ಕಾಗಿ ಮಲಗಿದವರ ಮೊಣಕಾಲ ಕೆಳಗೆ ಒಂದು ದಿಂಬು ಇಟ್ಟು, ಆಮೇಲೆ ಬಾಗಿಲು ಮುಚ್ಚಿಸಬೇಕಿತ್ತು.

ಡ್ರೈವರ್ ಚಪ್ಪಲಿ ಬಿಟ್ಟು, ಗೂಡಿನ ಅಂಚಿಗೆ ಕೈಮುಗಿದು, ಒಂದು ಕಾಲು ಒಳಗಿಟ್ಟು ನಿಂತ.

"ಮೇಡಂನೋರೇ, ತಲೆ ಯಾವ್ ಕಡೆ ಹಾಕ್ಲಿ?"

"ಯಾವ ಕಡೆಯಾದ್ರೂ ಆಗುತ್ತೆ."

"ಯಾವ್ ಕಡೆಯಾದ್ರೂ ಅಂದ್ರೆ? ಇದು ಉತ್ತರ. ಉತ್ತರಕ್ಕೆ ತಲೆ ಹಾಕಿ ಮಲಗ್ಸಿದ್ರಿ ಅಂತ ಗೊತ್ತಾದ್ರೆ ನಮ್ಮವ್ವ ನಿಮ್ಮನ್ನ ಬಿಡಾಕಿಲ್ಲ."

ಮೇಸ್ತ್ರಿ ಸ್ಟೂಲಿನಿಂದಲೇ ಕೂಗಿದರು. "ಲೇ, ಅಲ್ಲಿಗೆ ಹೋದ್ಮೇಲೆ ಉತ್ತರ ಎಲ್ಲೈತೋ? ಭೂಮಿನೇ ಕೆಳಗೆ ತಿರುಗ್ತಿರ್ತದೆ. ದಿನಕ್ಕೆ ಹತ್ತಾರು ಸಲ ಸುತ್ತು ಹಾಕ್ತಾರಂತೆ."

"ಹತ್ತಾರು ಸಲ ಸುತ್ತಿದ್ರೂ ಅಜ್ಜಂಪುರದಾಗೆ ನಿಲ್ಸಾಕಿಲ್ಲ? ಎಕ್ಸ್‌ಪ್ರೆಸ್ ರೈಲಿನ ಹಂಗೇ ಆಯ್ತಲ್ಲ!"

ಅಂತೂ ದಕ್ಷಿಣಕ್ಕೆ ತಲೆ ಹಾಕಿ ಮಲಗಿದ. ಮೊಣಕಾಲ ಕೆಳಗೆ ದಿಂಬು. ಬಾಗಿಲನ್ನು ತಾನೇ ಎಳೆದುಕೊಂಡ. ಟಪ್ ಎಂದು ಮುಚ್ಚಿತು. ನನ್ನ ಎದೆಯ ಮೇಲಿನ ಕಲ್ಲನ್ನು ಯಾರೋ ಇಳಿಸಿದ ಹಾಗಾಯಿತು. ಗಂಟೆ ಹೊಡೆದೆವು, ಚಟ್ಟನೆ ತೆಗೆದು ಎದ್ದ. ಇನ್ನೊಂದು ಸಲ, ಮತ್ತೊಂದು ಸಲ. ನಾಲ್ಕನೆಯ ಸಲ ಗಂಟೆ ಹೊಡೆದರೆ ಬಾಗಿಲು ತೆರೆಯಲಿಲ್ಲ. ಗಾಬರಿಯಾಗಿ ಮೇಲಿನಿಂದ ಎತ್ತಿ ನೋಡಿದರೆ ಆಸಾಮಿ ಬಾಯಿ ತೆರೆದು ನಿದ್ದೆ ಹೊಡೆಯುತ್ತಿದ್ದ.

"ಏಳೋ ಮಾರಾಯ," ಎಂದು ಮೇಸ್ತ್ರಿ ಕಾಲು ತಟ್ಟಿದರು.

"ಎದ್ದೆ, ಎದ್ದೆ. ಮೂರು ದಿನ ಆಗಿತ್ತು ಕಣ್ರೀ ಇಷ್ಟು ಸದ್ದಿಲ್ದಂಗೆ ಮಲಗಿ."

ಅಕ್ಕನ ಸರದಿ ಬಂತು. ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಸಣ್ಣ ದೇಹ, ಅದರಲ್ಲಿ ಇನ್ನೊಬ್ಬರು ಹಿಡಿಸುವಷ್ಟು ಜಾಗ. ಗಂಟೆ ಹೊಡೆಯುವ ಮೊದಲು ನಾವು ಮಾತು ನಿಲ್ಲಿಸಿ ಕಾದೆವು. ಹೊಡೆದೆವು. ಬರಲಿಲ್ಲ.

"ಅಕ್ಕಾ, ಏನ್ಮಾಡ್ತಿದ್ದೀಯೇ? ಗಂಟೆ ಆಯ್ತು!"

ಒಳಗಿನಿಂದ ಅವಳ ದನಿ ಪ್ಲೈವುಡ್ಡಿನಲ್ಲಿ ದೂರದಿಂದ ಬಂದಂತೆ ಬಂತು. "ಒಂಚೂರು ಇರೇ. ಬೆಳಗ್ಗಿಂದ ಯಾರೂ ನನ್ನ ಕರೀದೆ ಇದ್ದಿದ್ದು ಇವಾಗ್ಲೇ."

ಎಂಜಿನಿಯರ್ ಹುಡುಗಿ ನಕ್ಕಳು. ನಾನೂ ನಕ್ಕೆ, ಆದರೆ ಮುಖ ಆ ಕಡೆ ತಿರುಗಿಸಿಕೊಂಡೆ. ಕೊನೆಗೆ ತಾನೂ ಮಲಗಿ ಎದ್ದು, ಅಂದು ಸಂಜೆಯೇ ಆ ಹುಡುಗಿ ವರದಿಯ ಕರಡು ಬರೆದು ಸಮಿತಿಗೆ ಕಳಿಸಿದಳು. ಮೂರೂ ಗಾತ್ರಕ್ಕೆ ಬಾಗಿಲು ಮುಚ್ಚುತ್ತದೆ, ತೆರೆಯುತ್ತದೆ. ಹನ್ನೊಂದು ವರ್ಷದಲ್ಲಿ ಮೊದಲ ಸಲ ನನ್ನ ಕಡೆಯ ಒಂದು ವಸ್ತು ಇಡಿಯಾಗಿ ಉಳಿಯುವ ಹಾಗೆ ಕಂಡಿತು.

ಮಾರನೆಯ ದಿನ ಬೆಂಗಳೂರಿನಿಂದ ಕಬ್ಬಿಣದ ಚೌಕಟ್ಟು ಬಂತು. ನೌಕೆಯ ಒಳಗೋಡೆಯ ಆಕಾರಕ್ಕೆ ಬಗ್ಗಿಸಿದ ಕಮಾನುಗಳು; ಓಡಾಡುವ ದಾರಿ ಎಲ್ಲಿಂದ ಶುರು ಎಂದು ತೋರಿಸಲು ಅದರ ತಳದಲ್ಲಿ ಒಂದು ಕೆಂಪು ಗೆರೆ. ಗೂಡುಗಳನ್ನು ಎತ್ತಿ ನಿಲ್ಲಿಸಿ ಕಮಾನಿಗೆ ಬೆನ್ನು ತಾಗುವಂತೆ ತಳ್ಳಬೇಕು. ಬಾಗಿಲು ಕೆಂಪು ಗೆರೆಯ ಮೇಲೆ ಬಂದು ನಿಂತರೆ ಕೆಲಸ ಮುಗಿಯಿತು. ಡ್ರೈವರ್ ಒಂದು ಕಡೆ, ಮೇಸ್ತ್ರಿಯ ಕೆಲಸದವರು ಒಂದು ಕಡೆ ಸೇರಿ ತಳ್ಳಿದರು. ಬೆನ್ನು ತಾಗಿತು. ಬಾಗಿಲು ಗೆರೆ ದಾಟಿ ಮುಂದೆ ನಿಂತಿತ್ತು.

"ಇನ್ನೊಂಚೂರು ತಳ್ರಪ್ಪಾ," ಅಂದೆ.

"ಇನ್ನೆಲ್ಲಿಗೆ ತಳ್ಳಾನ? ಕಬ್ಬಿಣಕ್ಕೆ ಕಚ್ಕೊಂಡೈತೆ," ಅಂದ ಡ್ರೈವರ್.

ನಾನು ಬಗ್ಗಿ ಗೆರೆಯಿಂದ ಬಾಗಿಲಿಗೆ ಎಷ್ಟು ದೂರ ಎಂದು ಅಳೆದೆ. ಮೂರು ಗೂಡಿಗೂ ಒಂದೇ ಅಳತೆ. ಕಮಾನೇ ಸಣ್ಣದಾಗಿದೆಯೋ ಎಂದು ಅದನ್ನು ಅಳೆದೆ. ಸರಿಯಾಗಿತ್ತು. ಆಮೇಲೆ, ಹಿಂದಿನ ದಿನವೇ ಮಾಡಬೇಕಾಗಿದ್ದ ಕೆಲಸ ಮಾಡಿದೆ: ಬಾಗಿಲು ತೆಗೆದು ಗೂಡಿನ ಆಳಕ್ಕೆ ಪಟ್ಟಿ ಇಳಿಬಿಟ್ಟೆ. ನಕ್ಷೆಗಿಂತ ಮೂರಂಗುಲ ಹೆಚ್ಚು.

ಮೇಸ್ತ್ರಿ ಸ್ಟೂಲಿನಿಂದ ಎದ್ದು ಬಂದರು.

"ಅಮ್ಮಯ್ಯಾ, ಮರ ತಪ್ಪಿಲ್ಲ. ನಾನೇ ಬಿಟ್ಟಿದ್ದು."

"ಏನು ಬಿಟ್ಟಿದ್ದು?"

ಅವರು ಬಲಗೈಯ ನಾಲ್ಕು ಬೆರಳು ಜೋಡಿಸಿ ಅಡ್ಡಕ್ಕೆ ಹಿಡಿದು ತೋರಿಸಿದರು. "ಇಷ್ಟು. ಬರ್ಕತ್ತು, ಒಳ್ಳೇದಾಗ್ಲಿ ಅಂತ."

ಆಗ ಗೊತ್ತಾಯಿತು. ಅವರ ಅಪ್ಪ ಅವರಿಗೆ ಹೇಳಿಕೊಟ್ಟ ಪದ್ಧತಿ ಅದು. ಕ್ಯಾಬಿನ್ ಕಟ್ಟಿಸಲು ಬಂದ ಡ್ರೈವರನ್ನು ಹಲಗೆಯ ಮೇಲೆ ಕೂರಿಸಿ ಸೀಮೆಸುಣ್ಣದಲ್ಲಿ ಸುತ್ತ ಗೆರೆ ಎಳೆಯುತ್ತಿದ್ದರು. ಅಳತೆ ಕೊಡುವಾಗ ಯಾವ ಮನುಷ್ಯನಾದರೂ ಉಸಿರು ಬಿಗಿಹಿಡಿದು, ಹೊಟ್ಟೆ ಒಳಗೆ ಎಳೆದುಕೊಂಡು, ಮದುವೆ ಫೋಟೋಕ್ಕೆ ಕೂತ ಹಾಗೆ ಕೂರುತ್ತಾನೆ. ಅವನು ನಿಜವಾಗಿ ಕೂರುವುದು ಹಾಗಲ್ಲ. ಆಮೇಲೆ ಕಂಬಳಿ ತರುತ್ತಾನೆ, ಬುತ್ತಿ ತರುತ್ತಾನೆ, ಮೈಯೂ ಬರುತ್ತದೆ. ಅದಕ್ಕಾಗಿ ಹೇಳಿದ್ದಕ್ಕಿಂತ ನಾಲ್ಕು ಬೆರಳು ಹೆಚ್ಚು ಬಿಡಬೇಕು, ಬೆನ್ನ ಕಡೆ. ಬಾಗಿಲನ್ನು ಮಾತ್ರ ಮುಟ್ಟಬಾರದು, ಏಕೆಂದರೆ ಎಲ್ಲರೂ ಅಳೆದು ನೋಡುವುದು ಬಾಗಿಲನ್ನೇ. ಗಿರಾಕಿಗೆ ಹೇಳಲೂಬಾರದು, ಹೇಳಿದರೆ ಆ ಜಾಗಕ್ಕೂ ಏನಾದರೂ ತುಂಬಿಬಿಡುತ್ತಾನೆ. ನಮ್ಮ ಅಂಗಡಿಯಲ್ಲಿ ಕೊಬ್ಬರಿ ತೂಗಿದ ಮೇಲೆ ಅಪ್ಪ ಮೇಲಿಷ್ಟು ಕೊಸರು ಹಾಕುತ್ತಿದ್ದರಲ್ಲ, ಅದರ ಹಾಗೆಯೇ.

"ನಾನು ಬರೆದ ಅಳತೆ ಇತ್ತಲ್ಲ ಮೇಸ್ತ್ರಿಗಳೇ! ಮಿಲಿಮೀಟರಿನಲ್ಲಿ ಬರೆದುಕೊಟ್ಟಿದ್ದೆ. ಇದು ಅಪ್ಪನ ಲಾರಿ ಅಲ್ಲ!"

ನನ್ನ ದನಿ ಅಷ್ಟು ಜೋರಾಗಿ ಶೆಡ್ಡಿನ ತಗಡಿಗೆ ಬಡಿಯುತ್ತದೆಂದು ನನಗೇ ಗೊತ್ತಿರಲಿಲ್ಲ. ಕೆಲಸದವರು ಕೈ ನಿಲ್ಲಿಸಿದರು. ಮೇಸ್ತ್ರಿ ಸಿಟ್ಟಾಗಲಿಲ್ಲ.

"ಗೊತ್ತಮ್ಮಾ. ಇಳಿಯೋಕೇ ಇಲ್ಲ ಅಂದ್ಯಲ್ಲ. ಇಳಿಯೋಕಿಲ್ದೋನಿಗೆ ಬಿಡ್ದೆ ಇನ್ಯಾರಿಗೆ ಬಿಡ್ಲಿ?"

ನಾನು ಹೋಗಿ ಅವರ ಸ್ಟೂಲಿನ ಮೇಲೆ ಕೂತೆ. ಸಿಟ್ಟು ಬಹಳ ಹೊತ್ತು ನಿಲ್ಲಲಿಲ್ಲ, ಅದಕ್ಕೂ ಶಕ್ತಿ ಬೇಕು. ಎಂಜಿನಿಯರ್ ಹುಡುಗಿ ಮೆಲ್ಲಗೆ ಪಕ್ಕಕ್ಕೆ ಬಂದಳು.

"ಮೇಡಂ, ಡ್ರಾಫ್ಟ್ ನಿನ್ನೇನೇ ಹೋಗಿದೆ."

"ಗೊತ್ತು."

"ಹಿಂದುಗಡೆ ಹಲಗೆ ಬಿಚ್ಚಿ, ಮೂರಿಂಚು ಕತ್ತರಿಸಿ, ಫ್ರೇಮಿನಲ್ಲಿ ಕೂರಿಸಿ ಫೋಟೋ ತೆಗೆದ್ರೆ... ನಿನ್ನೆ ನಾನು ತೆಗೆದ ಟೆಸ್ಟ್ ವಿಡಿಯೋ ಹೇಗೂ ಇದೆ. ಯಾರೂ ಎರಡನ್ನೂ ಸೇರಿಸಿ ಅಳೆಯಲ್ಲ."

ನಾನು ಅವಳನ್ನು ಗದರಲಿಲ್ಲ. ಸ್ಟೂಲಿನ ಮೇಲೆ ಕೂತ ಗಳಿಗೆಯಲ್ಲೇ ಅದೇ ಯೋಚನೆ ನನಗೂ ಬಂದಿತ್ತು. ಬಾಗಿಲು ಉಳಿಯುತ್ತಿತ್ತು. ಆದರೆ ಎಷ್ಟೋ ವರ್ಷದ ಮೇಲೆ ಯಾವನೋ ಒಬ್ಬ ದೊಡ್ಡ ಮೈಯವನು ಮೇಲೆ ಹೋಗಿ, ಬಾಗಿಲು ಎಳೆದುಕೊಂಡು, ಅದು ಮೊಣಕಾಲಿಗೆ ತಾಗಿ ಮುಚ್ಚದೆ ನಿಂತಾಗ, ಅಲ್ಲಿ ಯಾವ ಮೇಸ್ತ್ರಿಯನ್ನು ಕರೆಯುತ್ತಾನೆ? 'ಪರಿಶೀಲಿಸಿದೆ' ಎಂದು ಸಹಿ ಮಾಡಿದವಳು ನಾನು. ಮೇಸ್ತ್ರಿ ಅವರ ಪದ್ಧತಿಯಂತೆ ನಡೆದರು. ನಾನು ನನ್ನ ಪದ್ಧತಿಯನ್ನು ಚಹಾ ಬಂತೆಂದು ಬಿಟ್ಟೆ.

"ಡ್ರಾಫ್ಟ್ ವಾಪಸ್ ತಗೊಳ್ತೀವಿ ಅಂತ ಬರಿ. ಅಳತೆ ತಪ್ಪಿತ್ತು, ಪರಿಶೀಲನೆ ಮಾಡಿದ್ದು ನಾನು, ನಾನೇ ಸರಿಯಾಗಿ ನೋಡಲಿಲ್ಲ ಅಂತಲೂ ಬರಿ. ಮೇಸ್ತ್ರಿಗಳ ವಿಷಯ ಬೇಡ."

"ನಿಮ್ಮ ಹೆಸರಿನಲ್ಲಾ ಮೇಡಂ?"

"ನನ್ನ ಹೆಸರಲ್ಲೇ."

ಮೇಸ್ತ್ರಿ ಅವತ್ತೇ ಬೆನ್ನ ಹಲಗೆಗಳನ್ನು ಬಿಚ್ಚಿಸಿದರು. ಮೂರು ದಿನ ಹಿಡಿಯಿತು. ಈ ಸಲ ನಾನು ಕಡೂರಿನಿಂದ ದಿನವೂ ಬೆಳಗಿನ ಬಸ್ಸಿಗೆ ಹೋಗಿ, ಪ್ರತಿ ಹಲಗೆ ಕೂತ ಮೇಲೆ ಅಳೆದೆ, ಒಳಗಿನಿಂದ, ಹೊರಗಿನಿಂದ. ಅವರು ಒಂದು ಸಲವೂ ಬೇಸರ ಮಾಡಿಕೊಳ್ಳಲಿಲ್ಲ. "ಅಳೆಯಮ್ಮಾ, ಅಳೆ. ನಂಗೂ ಈಗ ನನ್ ಕೈ ಮೇಲೆ ನಂಬಿಕೆ ಇಲ್ಲ. ತಾನಾಗೇ ಬಿಟ್ಬಿಡ್ತದೆ," ಅನ್ನುತ್ತಿದ್ದರು.

ನಾಲ್ಕನೆಯ ದಿನ ಬಾಗಿಲು ಸರಿಯಾಗಿ ಕೆಂಪು ಗೆರೆಯ ಮೇಲೆ ನಿಂತಿತು. ಗೂಡುಗಳನ್ನು ಮತ್ತೆ ನೆಲಕ್ಕೆ ಮಲಗಿಸಿ ಅದೇ ಐದು ಜನ ಸೇರಿದೆವು. ಅಕ್ಕ ಸುಲಭವಾಗಿ ಹೋಗಿ ಬಂದಳು. ಎಂಜಿನಿಯರ್ ಹುಡುಗಿಯೂ. ಡ್ರೈವರ್ ದಕ್ಷಿಣಕ್ಕೆ ತಲೆ ಹಾಕಿ ಮಲಗಿದ, ದಿಂಬು ಇಟ್ಟೆವು, ಬಾಗಿಲು ಎಳೆದುಕೊಂಡ. ಮೊಣಕಾಲಿನ ಮೇಲೆ ಬಂದು ನಿಂತಿತು. ಉಸಿರು ಬಿಗಿಹಿಡಿದ, ಹೊಟ್ಟೆ ಎಳೆದುಕೊಂಡ, ಪಾಪ, ಕಾಲನ್ನು ನೆಟ್ಟಗೆ ಮಾಡಿ ಮುಚ್ಚಿಯೂಬಿಟ್ಟ.

"ಮುಚ್ತು ಮೇಡಂ! ಬರ್ಕೊಳ್ರಿ, ಬರ್ಕೊಳ್ರಿ!"

"ದಿಂಬು ಬದಿಗೆ ತಳ್ಳಿಬಿಟ್ಯಲ್ಲಪ್ಪ."

"ಒಂದು ದಿಂಬಿಗೆ ಏನಾಗ್ತದೆ?"

"ಅಲ್ಲಿ ಕಾಲು ನಿನ್ನ ಮಾತು ಕೇಳಲ್ಲ. ತಾನೇ ಮಡಚ್ಕೊಳ್ಳುತ್ತೆ."

ಅವನು ಎದ್ದು ಕೂತ. ಇಷ್ಟು ದೊಡ್ಡ ಮನುಷ್ಯ ಅಷ್ಟು ಸಣ್ಣ ಮುಖ ಮಾಡಿದ್ದನ್ನು ನಾನು ನೋಡಿಲ್ಲ. "ನನ್ನಿಂದ ಹೋಯ್ತಾ ನಿಮ್ಮ ಬಾಗ್ಲು?"

"ನಿನ್ನಿಂದ ಅಲ್ಲ," ಅಂದೆ. ಅಕ್ಕ ಬಾಟಲಿ ತೆಗೆದು ನನ್ನ ಕೈಗೆ ನೀರು ಕೊಟ್ಟಳು.

ಮೇಸ್ತ್ರಿ ಮಾತ್ರ ಗೂಡಿನ ಸುತ್ತ ಎರಡು ಸುತ್ತು ಬಂದರು. ಮೂಲೆಯಲ್ಲಿ ಸೀಟು ಹೊದಿಸಿ ಉಳಿದ ಕಪ್ಪು ರೆಕ್ಸಿನ್ ಸುರುಳಿಯಿತ್ತು. ಅದನ್ನು ತಂದು ಹರವಿದರು.

"ಬೆನ್ನ ಕಡೆ ಬಿಡಂಗಿಲ್ಲ ಅಂತೀಯ. ಸರಿ, ಬಿಡೋದು ಬೇಡ. ಬಾಗಿಲು ಹಲಗೆದೇ ಆಗ್ಬೇಕಂತ ಯಾರಂದ್ರು? ಇದ್ರದ್ದು ಮಾಡಾಣ. ಮೊಣಕಾಲು ಎಲ್ಲಿ ಬರ್ತದೋ ಅಲ್ಲಿ ಉಬ್ಬಿಕೊಳ್ಳಲಿ. ಅವನು ಎದ್ದು ಹೋದ್ಮೇಲೆ ಇದೂ ಒಳಗೆ ಹೋಗ್ಲಿ."

ಅರ್ಧ ದಿನದಲ್ಲಿ ಒಂದು ಬಾಗಿಲಿನ ಹಲಗೆ ತೆಗೆದು, ಅಂಚಿಗೆ ಕಂಬಿ ಇಟ್ಟು, ರೆಕ್ಸಿನ್ನಿಗೆ ಮಡಿಕೆ ಕೊಟ್ಟು ಹೊಲಿದರು. ಡ್ರೈವರ್ ಮಲಗಿ ಎಳೆದುಕೊಂಡ. ಮುಚ್ಚಿತು. ದಿಂಬು ಇದ್ದಲ್ಲೇ ಇತ್ತು. ಮೊಣಕಾಲ ಹತ್ತಿರ ರೆಕ್ಸಿನ್ ಹೊರಗೆ ಉಬ್ಬಿ ನಿಂತಿತು, ಚೌಕಟ್ಟಿನಲ್ಲಿ ಕೂರಿಸಿದರೆ ಕೆಂಪು ಗೆರೆಯಿಂದ ಆಚೆ ನಾಲ್ಕು ಬೆರಳು. ಅದನ್ನು ಅಳೆದು ಬರೆದುಕೊಂಡೆ. ಉಬ್ಬಿದ್ದು ಓಡಾಡುವ ದಾರಿಯ ಕಡೆಗೇ ತಾನೆ? ಅದನ್ನೂ ಮುಚ್ಚಿಡುವ ಹಾಗಿರಲಿಲ್ಲ.

ಸಮಿತಿಯ ಸಭೆ ನಡೆಯಿತು. ಉದ್ದನೆಯ ಮೇಜು, ತಣ್ಣಗಾದ ಕಾಫಿ. ಮೊದಲ ಕರಡನ್ನು ಯಾಕೆ ವಾಪಸ್ ತೆಗೆದುಕೊಂಡಿರಿ ಎಂಬುದೇ ಮೊದಲ ಪ್ರಶ್ನೆ. ಹೇಳಿದೆ. ಒಬ್ಬರು ಕನ್ನಡಕ ತೆಗೆದು ಒರೆಸಿಕೊಂಡರು, ಇನ್ನೊಬ್ಬರು ಕಾಗದ ತಿರುವಿದರು. ಗಟ್ಟಿ ಬಾಗಿಲು ದೊಡ್ಡ ದೇಹಕ್ಕೆ ಆಗುವುದಿಲ್ಲ, ಮೆತ್ತನೆಯದು ಆಗುತ್ತದೆ, ಆದರೆ ದಾರಿಗೆ ಉಬ್ಬುತ್ತದೆ ಎಂದು ಇದ್ದದ್ದನ್ನು ಇದ್ದ ಹಾಗೆ ಓದಿದೆ. ಮೂರೂ ಒಟ್ಟಿಗೆ ಉಬ್ಬಿದರೆ ಅಂತರಿಕ್ಷದ ಪೋಷಾಕು ಹಾಕಿದವನೊಬ್ಬ ಆ ದಾರಿಯಲ್ಲಿ ಹಾಯಬಲ್ಲನೇ ಎಂದು ಕೇಳಿದರು. ಇಲ್ಲ, ಅಂದೆ. ಒಂದೇ ಉಬ್ಬಿದರೆ? ಹಾಯಬಹುದು, ಅಂದೆ. ತಿಳಿಸುತ್ತೇವೆ ಎಂದರು. ಹೊರಗೆ ಬಂದು ಮೆಟ್ಟಿಲಿನ ಮೇಲೆ ಕೂತು ಅಕ್ಕನಿಗೆ ಫೋನ್ ಮಾಡಿದೆ.

"ಏನಾಯ್ತೇ?"

"ಗೊತ್ತಿಲ್ಲ. ಸಾಕಾಗಿದೆ."

"ಸಾಕಾಗಿದ್ರೆ ಊಟ ಮಾಡಿ ಮಲ್ಕೋ. ನಾಳೆ ಮಾತಾಡಾಣ," ಎಂದು ಇಟ್ಟಳು.

ಎರಡು ತಿಂಗಳ ಮೇಲೆ ಕಾಗದ ಬಂತು. ಮೂರು ಗೂಡುಗಳನ್ನೂ ಇಟ್ಟುಕೊಂಡಿದ್ದರು, ಬಾಗಿಲನ್ನು ಒಂದಕ್ಕೆ ಮಾತ್ರ. ಮೆತ್ತನೆಯದು. ಉಳಿದೆರಡು ತೆರೆದೇ ಇರಬೇಕು. ಆ ಒಂದು ಗೂಡನ್ನು ಮೂವರೂ ಸರದಿಯಲ್ಲಿ ಬಳಸಲು ಒಂದು ಪಾಳಿ ಸೂಚಿಸಿ ಎಂದು ಕೊನೆಯ ಸಾಲಿನಲ್ಲಿ ಕೇಳಿದ್ದರು. ನಾನು ಮೇಸ್ತ್ರಿಗೂ ಅಕ್ಕನಿಗೂ ಫೋನ್ ಮಾಡಿ ತಿಳಿಸಿದೆ. ಆಮೇಲೆ ಕೂತು ಪಾಳಿ ಬರೆದೆ: ಒಬ್ಬೊಬ್ಬರಿಗೆ ಎರಡೆರಡು ದಿನ, ಏಳನೆಯ ದಿನ ಯಾರಿಗೆ ಬೇಕೋ ಅವರಿಗೆ, ಒಳಗಿದ್ದವರನ್ನು ಗಂಟೆಯ ಹೊರತು ಕರೆಯಕೂಡದು. ಆ ಶುಕ್ರವಾರ ಅದನ್ನು ಕಳಿಸಿದೆ, ಸೋಮವಾರ ಅದಕ್ಕೆ ಒಪ್ಪಿಗೆ ಬಂತು.